ಅಜ್ಜಿಯ ಬಾಯಲ್ಲಿದ್ದ ಪುರಾವೆ

ಒಬ್ಬರು ತಪ್ಪು ಹೇಳಿಕೆ ಕೊಡುತ್ತಿದ್ದಾರೆ, ಅದನ್ನು ಸುಳ್ಳೆಂದು ಸಾಬೀತು ಮಾಡುವ ಪುರಾವೆ ಅವರದೇ ಬಾಯಲ್ಲಿ ಅರ್ಧ ಅಗಿದ ಸ್ಥಿತಿಯಲ್ಲಿದೆ ಎಂದಿಟ್ಟುಕೊಳ್ಳಿ. ಎದುರಿಗೆ ಕೂತವರು ಸುಮ್ಮನಿರುವುದು ಹೇಗೆ? ಇದು ನನ್ನ ಪ್ರಶ್ನೆ. ನಮ್ಮ ಮನೆಯಲ್ಲಿ ಈವರೆಗೆ ಯಾರೂ ಇದಕ್ಕೆ ಸರಿಯಾದ ಉತ್ತರ ಕೊಟ್ಟಿಲ್ಲ. "ಸುಮ್ನೆ ಇರ್ಬೇಕಿತ್ತು" ಅನ್ನುವುದು ಉತ್ತರವಲ್ಲ, ಬೈಗುಳ.

ಹೇಳಿಕೆ ಕೊಟ್ಟವರು ನನ್ನ ಅಜ್ಜಿ, ಅಪ್ಪನ ಅಮ್ಮ. ಹೇಳಿಕೆ ಹೀಗಿತ್ತು: "ಮೊಟ್ಟೆ ವಾಸನೆ ನಂಗೆ ಮೂರು ಮನೆ ಆಚೆಯಿಂದ್ಲೇ ಗೊತ್ತಾಗ್ಬಿಡುತ್ತೆ." ಪುರಾವೆ, ಪಕ್ಕದ ಮನೆಯವರು ತಂದುಕೊಟ್ಟ ರಿಕೋಟಾ ಕುಕೀ. ಅದರಲ್ಲಿ ಮೊಟ್ಟೆ ಇರುವುದು ಅಮ್ಮನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಗೊತ್ತಿಲ್ಲದವರೆಂದರೆ ಅಜ್ಜಿ ಮತ್ತು, ಅಜ್ಜಿ ಅದನ್ನು ನೈವೇದ್ಯಕ್ಕೆ ಇಡುತ್ತಿದ್ದರಾದ್ದರಿಂದ, ದೇವರು.

ನಮ್ಮ ಮನೆ ಇರುವುದು ಸ್ಯಾನ್ ಡಿಯೇಗೋದ ಉತ್ತರ ತುದಿಯ ರಾಂಚೊ ಬರ್ನಾರ್ಡೊದಲ್ಲಿ. ಅಪ್ಪ ಅಲ್ಲೇ ಹತ್ತಿರದ ಕಂಪನಿಯಲ್ಲಿ ಇಂಜಿನಿಯರ್, ಅಮ್ಮ ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ಪ್ರೋಟೀನುಗಳ ಮೇಲೆ ಕೆಲಸ ಮಾಡುತ್ತಾರೆ. ಬೆಂಗಳೂರಿನಲ್ಲಿ ಏಳನೇ ಕ್ಲಾಸು ಮುಗಿಸಿಕೊಂಡು ಇಲ್ಲಿಗೆ ಬಂದ ನಾನು ಆಗ ಎರಡು ಗಂಟೆ ದಾರಿಯ ಲಾಂಗ್ ಬೀಚಿನಲ್ಲಿ ಕಾಲೇಜು ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಅಪ್ಪ ನೆಂಟರಿಗೆ ಹೇಳುವ ಮಾತು. ನಿಜವಾಗಿ ಮಾಡುತ್ತಿದ್ದುದು ಚರ್ಚಾಸ್ಪರ್ಧೆ. ನಾಣ್ಯ ಹಾರಿಸಿ ಯಾವ ಪಕ್ಷ ಸಿಕ್ಕಿದರೆ ಆ ಪಕ್ಷ ಹಿಡಿದು, ಎದುರಾಳಿಯ ಮಾತಿನಲ್ಲಿ ತೂತು ಹುಡುಕುವುದು. ಇದು ರೂಢಿಯಾದ ಮೇಲೆ ರಜೆಯಲ್ಲಿ ಮನೆಗೆ ಬಂದು ಊಟಕ್ಕೆ ಕೂತರೂ ತೂತುಗಳೇ ಕಾಣುತ್ತವೆ, ದೋಸೆಯಲ್ಲಷ್ಟೇ ಅಲ್ಲ.

ಪಕ್ಕದ ಮನೆಯವರನ್ನು ಅಜ್ಜಿ "ಇಟಲಿಯಮ್ಮ" ಎಂದೇ ಕರೆಯುತ್ತಾರೆ. ಅಜ್ಜಿಯದೇ ವಯಸ್ಸು. ಅವರ ತಂದೆ, ಅಜ್ಜ ಎಲ್ಲ ಸ್ಯಾನ್ ಡಿಯೇಗೋದಿಂದ ದೋಣಿ ಹತ್ತಿ ಟ್ಯೂನಾ ಮೀನು ಹಿಡಿಯಲು ಹೋಗುತ್ತಿದ್ದವರು. ಅಜ್ಜಿಗೂ ಅವರಿಗೂ ಸ್ನೇಹವಾದದ್ದು ಕೊರೋನಾ ಕಾಲದಲ್ಲಿ. ಆಗ ಇಬ್ಬರೂ ತಂತಮ್ಮ ಡ್ರೈವ್‌ವೇಯಲ್ಲಿ ಕುರ್ಚಿ ಹಾಕಿಕೊಂಡು, ನಡುವೆ ನಮ್ಮ ಕಾರು ನಿಲ್ಲಿಸಿಕೊಂಡು, ಕಾರಿನ ಮೇಲಿಂದ ಮಾತಾಡುತ್ತಿದ್ದರು. ಅಜ್ಜಿ ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ. ಅಜ್ಜಿಗೆ ಬರುವ ಇಂಗ್ಲಿಷ್ ಎಂದರೆ "ಸೂಪರ್" ಒಂದೇ. ಅವರಿಗೆ ಕನ್ನಡ ಅಷ್ಟೂ ಬರುತ್ತಿರಲಿಲ್ಲ. ಆದರೂ ಸೊಂಟ ನೋವಿನಿಂದ ಹಿಡಿದು ಸೊಸೆಯಂದಿರವರೆಗೆ ಎಲ್ಲವೂ ಚರ್ಚೆಯಾಗುತ್ತಿತ್ತು. ನನ್ನ ತಂಡದಲ್ಲಿ ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಒಬ್ಬರೂ ಇಲ್ಲ.

ಆ ಡಿಸೆಂಬರಿನಿಂದ ಕುಕೀಗಳು ಶುರುವಾದವು. ಗಟ್ಟಿ ಬಿಸ್ಕತ್ತಲ್ಲ, ಹತ್ತಿಯಂತೆ ಮೆತ್ತಗಿನ ಉಂಡೆ. ಮೇಲೆ ಬಿಳಿ ಸಕ್ಕರೆಯ ಲೇಪ, ಅದರ ಮೇಲೆ ಬಣ್ಣಬಣ್ಣದ ಸಕ್ಕರೆ ಕಾಳು, ಕಚ್ಚಿದರೆ ನಿಂಬೆಯ ಘಮ. ಒಳಗಿರುವುದು ರಿಕೋಟಾ, ಹಾಲೊಡೆದು ಮಾಡುವ ಇಟಲಿಯ ಮೆತ್ತನೆ ಪನೀರು ಎಂದು ಅಮ್ಮ ಹೇಳಿದ್ದೇ ಅಜ್ಜಿಯ ಮನಸ್ಸಿನಲ್ಲಿ ಪ್ರಕರಣ ಇತ್ಯರ್ಥವಾಯಿತು. ಯಾಕೆಂದರೆ ಅಮೆರಿಕದ ಕನ್ನಡ ಮನೆಗಳಲ್ಲಿ ರಿಕೋಟಾ ಡಬ್ಬಿ ತರುವುದು ಇಟಲಿಯ ಅಡುಗೆಗಲ್ಲ, ಹಾಲಿನ ಪುಡಿ ಸೇರಿಸಿ ಮೈಕ್ರೋವೇವಿನಲ್ಲಿ ಪೇಡ ಮಾಡುವುದಕ್ಕೆ. ರಿಕೋಟಾ ಎಂದರೆ ಹಾಲು, ಹಾಲೆಂದರೆ ಪೇಡ, ಪೇಡ ಎಂದರೆ ಶುದ್ಧ, ಆದ್ದರಿಂದ ಇದು ಇಟಲಿ ಪೇಡ. ಪ್ರತಿ ಕ್ರಿಸ್‌ಮಸ್ಸಿನ ಹಿಂದಿನ ದಿನ ಇಟಲಿಯಮ್ಮ ಬೆಲ್ ಮಾಡಿ, ತಟ್ಟೆ ಹಿಡಿದು ಬಾಗಿಲಲ್ಲೇ ನಿಲ್ಲುವರು. ಅಜ್ಜಿ ಮೊದಲನೆಯದನ್ನು ಎತ್ತಿ ಬಾಯಿಗಿಟ್ಟು "ಸೂಪರ್" ಅನ್ನುವವರೆಗೆ ಒಳಗೆ ಬರುತ್ತಿರಲಿಲ್ಲ. ಅದೊಂದು ಶಾಸ್ತ್ರವೇ ಆಗಿಹೋಗಿತ್ತು.

"ಅಜ್ಜಿಗೆ ಏನೂ ಹೇಳ್ಬೇಡ," ಎಂದು ಅಮ್ಮ ನನಗೆ ಮೊದಲೇ ಕಟ್ಟಪ್ಪಣೆ ಮಾಡಿದ್ದರು. "ಪಾಪ, ಖುಷಿಯಾಗಿ ತಿಂತಾರೆ."

ಕೆಡಿಸಿದ್ದು ಎರಡು ವರ್ಷದ ಹಿಂದೆ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆ. ಇಟಲಿಯಮ್ಮ ಆ ವರ್ಷ ಕೈ ಪಳಗಿಸಲೆಂದು ಒಂದು ತಟ್ಟೆ ಮುಂಚೆಯೇ ಕಳಿಸಿದ್ದರು. ಅದೇ ದಿನ ಬೀದಿಯಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬದ ಕೇಕು ಬಂತು. ಅಜ್ಜಿ ಕೇಕನ್ನು ದೂರ ತಳ್ಳಿ, ಕುಕೀಯನ್ನು ಬಾಯಿಗಿಟ್ಟುಕೊಂಡು, ಆ ಮೂರು ಮನೆಯ ಮಾತು ಆಡಿದರು.

"ಅಜ್ಜಿ, ನೀವು ಈಗ ತಿಂತಿರೋದ್ರಲ್ಲೇ ಮೊಟ್ಟೆ ಇದೆ," ಎಂದೆ.

ಅಮ್ಮ ಕಣ್ಣು ಮುಚ್ಚಿಕೊಂಡರು. ಅಪ್ಪ ಫೋನು ಎತ್ತಿಕೊಂಡು ಯಾರದೋ ಮೆಸೇಜ್ ಓದುವವರಂತೆ ಎದ್ದು ಹೋಗಲು ನೋಡಿದರು.

"ಯಾವುದ್ರಲ್ಲಿ?"

"ಕುಕೀಲಿ."

"ಇದು ಪೇಡ ಕಣೆ."

"ಪೇಡ ಅಲ್ಲ ಅಜ್ಜಿ. ಮೈದಾ, ಬೆಣ್ಣೆ, ರಿಕೋಟಾ, ಮೊಟ್ಟೆ."

"ನಾನು ದೇವರಿಗೆ ನೈವೇದ್ಯ ಮಾಡಿದೀನಲ್ಲೇ!"

"ಹಾಗಾದ್ರೆ ದೇವ್ರಿಗೂ ಗೊತ್ತಾಗ್ಲಿಲ್ಲ, ಮೂರು ಮನೆ ಆಚೆಯಿಂದ."

"ಬಾಯ್ ಮುಚ್ಚೇ ಕತ್ತೆ!" ಎಂದರು ಅಮ್ಮ.

ಬಾಗಿಲ ಬಳಿಯಿಂದ ಅಪ್ಪ ತಮ್ಮ ಪಾಲಿನ ತಾಂತ್ರಿಕ ಸಹಾಯ ಒದಗಿಸಿದರು. "ಅಮ್ಮಾ, ದೇವರು ನೈವೇದ್ಯದ ವಾಸನೆ ಮಾತ್ರ ತೊಗೋತಾನೆ. ಪದಾರ್ಥ ಅಲ್ಲೇ ಇರುತ್ತೆ. ಸೋ ಟೆಕ್ನಿಕಲಿ..."

"ನೀನು ನಿನ್ ಟೆಕ್ನಿಕಲ್ ತೊಗೊಂಡು ಆಫೀಸಿಗೆ ಹೋಗು," ಎಂದರು ಅಜ್ಜಿ.

ಕೂಗಾಡುತ್ತಾರೆಂದು ಎಣಿಸಿದ್ದೆ. ಕೂಗಾಡಿದ್ದರೆ ನಾನು ಗೆದ್ದಿರುತ್ತಿದ್ದೆ. ಅವರು ಎದ್ದು ಬಾಯಿ ಮುಕ್ಕಳಿಸಿ, ದೇವರ ಗೂಡಿನ ಮುಂದೆ ಬಹಳ ಹೊತ್ತು ಕೂತು, ಬಂದು ತೀರ್ಪು ಕೊಟ್ಟರು.

"ಗೊತ್ತಿಲ್ದೆ ತಿಂದಿದ್ದಕ್ಕೆ ದೋಷ ಇಲ್ಲ. ಸರಿ ತಾನೆ?"

"ಸರಿ," ಎಂದೆ. ಒಪ್ಪಿಕೊಳ್ಳಬಾರದಿತ್ತು. ಮೊದಲ ಮೆಟ್ಟಿಲು ಒಪ್ಪಿದವನು ಕೊನೆಯ ಮೆಟ್ಟಿಲಿನಿಂದ ಬೀಳುತ್ತಾನೆ.

"ಗೊತ್ತಾದ್ಮೇಲೆ ತಿಂದ್ರೆ ದೋಷ. ಸರಿ ತಾನೆ?"

"ನಿಮ್ಮ ಲೆಕ್ಕದಲ್ಲಿ, ಸರಿ."

"ಅಂದ್ಮೇಲೆ ನೆನ್ನೆವರ್ಗೂ ಆ ಕುಕೀಲಿ ದೋಷ ಇರ್ಲಿಲ್ಲ. ಇವತ್ತು ಇದೆ. ತಂದು ಹಾಕಿದ್ದು ಯಾರು? ಕೋಳಿ ಅಲ್ಲ. ನೀನು."

ನಾನು ಈ ವಾದದಲ್ಲಿ ತೂತು ಹುಡುಕಿದೆ. ಮರುದಿನ ಲಾಂಗ್ ಬೀಚಿಗೆ ಡ್ರೈವ್ ಮಾಡುತ್ತಾ ದಾರಿಯುದ್ದಕ್ಕೂ ಹುಡುಕಿದೆ. ಸಿಗಲಿಲ್ಲ. ಬೇಕಾದರೆ ನೀವೂ ಹುಡುಕಿ ನೋಡಿ.

ಅಜ್ಜಿಯ ತೀರ್ಪಿಗೆ ಒಂದು ಬಾಲವೂ ಇತ್ತು, ಅದೇ ನಿಜವಾದ ತಲೆನೋವು. "ಕ್ರಿಸ್‌ಮಸ್‌ಗೆ ಅವಳು ಬಾಗಿಲಲ್ಲಿ ತಟ್ಟೆ ಹಿಡ್ಕೊಂಡು ನಿಲ್ತಾಳೆ. ನಾನು ಕೈ ಹಾಕ್ದೇ ಇದ್ರೆ ಅವಳ ಮುಖ ಹೇಗಾಗುತ್ತೆ ಯೋಚ್ನೆ ಮಾಡು. ಮೊಟ್ಟೆ ಇರೋದು ತಿನ್ನಲ್ಲ. ಅವಳ ಮುಖ ಬಾಡೋದನ್ನೂ ನೋಡಲ್ಲ. ನೀನು ಕಿತ್ಕೊಂಡೆ, ನೀನೇ ತಂದ್ಕೊಡು."

ಅಂದರೆ ಕ್ರಿಸ್‌ಮಸ್ಸಿಗೆ ಮುಂಚೆ, ಇಟಲಿಯಮ್ಮನ ಕೈಯಿಂದ ಅಜ್ಜಿ ಬಾಯಿಗಿಡಬಹುದಾದ ಮೊಟ್ಟೆಯಿಲ್ಲದ ರಿಕೋಟಾ ಕುಕೀ ಹುಟ್ಟಬೇಕು. ಇಲ್ಲದಿದ್ದರೆ ಎರಡು ಡ್ರೈವ್‌ವೇಗಳ ನಡುವಿನ ಸ್ನೇಹಕ್ಕೆ ಕುತ್ತು. ಅಜ್ಜಿ ಮರುದಿನವೇ ಇಟಲಿಯಮ್ಮನ ಜೊತೆಗಿನ ಬೆಳಗಿನ ವಾಕಿಂಗ್ ಬಿಟ್ಟರು. "ಮುಖ ನೋಡಿದ್ರೆ ಬಾಯಿ ತಪ್ಪಿ ಹೇಳ್ಬಿಡ್ತೀನಿ" ಎಂದು ಅವರ ಕಾರಣ. ಬಾಯಿ ತಪ್ಪಿ ಕನ್ನಡದಲ್ಲಿ ಹೇಳಿದರೆ ಅವರಿಗೇನು ತಿಳಿದೀತು ಎಂದು ಕೇಳಿದೆ. "ಅವಳಿಗೆ ಎಲ್ಲಾ ತಿಳಿಯುತ್ತೆ" ಎಂದರು.

ಲಾಂಗ್ ಬೀಚಿಗೆ ಹೊರಡುವ ಮುಂಚೆ ಇಟಲಿಯಮ್ಮನ ಮನೆಗೆ ಹೋದೆ. ಅವರ ಇಂಗ್ಲಿಷನ್ನು ನಮ್ಮ ಮಾತಿಗೆ ಇಳಿಸಿ ಬರೆಯುತ್ತಿದ್ದೇನೆ. ಧಾಟಿ ಮಾತ್ರ ಅವರದೇ.

"ಮೊಟ್ಟೆ ಇಲ್ದೆ?" ಎಂದರು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಬೋಗುಣಿಯ ತುಂಬ ಮೊಟ್ಟೆಗಳು ಫ್ರಿಜ್ಜಿನ ಚಳಿ ಬಿಡಿಸಿಕೊಳ್ಳುತ್ತಾ ಕೂತಿದ್ದವು. ಅವುಗಳಿಗೆ ಕೇಳಿಸಬಾರದೆಂಬಂತೆ ಅವರು ದನಿ ತಗ್ಗಿಸಿದರು. "ಮೊಟ್ಟೆ ಇಲ್ದೇ ಇದ್ರೆ ಅದು ಕುಕೀ ಅಲ್ಲ ಮಗೂ. ಸಕ್ಕರೆ ಹಾಕಿದ ಗೋಡೆ ಗಾರೆ."

"ನೀವು ಕ್ರಿಸ್‌ಮಸ್ ಹಿಂದಿನ ದಿನ ಮಾಂಸ ತಿನ್ನಲ್ಲ ತಾನೆ?"

"ತಿನ್ನಲ್ಲ. ಬರೀ ಮೀನು."

"ಮೀನು ಮಾಂಸ ಅಲ್ವಾ?"

"ಅದು ಬೇರೆ."

"'ಅದು ಬೇರೆ' ಅನ್ನೋದು ವಾದ ಅಲ್ಲ. ನಿಮ್ಮ ಲೆಕ್ಕದಲ್ಲಿ ಮೀನು ಮಾಂಸ ಅಲ್ಲ. ನಮ್ಮಜ್ಜಿ ಲೆಕ್ಕದಲ್ಲಿ ಹಾಲು ಮಾಂಸ ಅಲ್ಲ, ಮೊಟ್ಟೆ ಮಾಂಸ. ಗೆರೆ ಇಬ್ರೂ ಎಳೆದಿದೀರಿ, ಜಾಗ ಬೇರೆ ಅಷ್ಟೆ."

ಇದು ನನ್ನ ಅತ್ಯುತ್ತಮ ವಾದಗಳಲ್ಲೊಂದು. ಅವರು ಮೊಟ್ಟೆಯೊಂದನ್ನು ಕೈಯಲ್ಲಿ ತಿರುಗಿಸುತ್ತಾ ಕಿವಿಗೇ ಹಾಕಿಕೊಳ್ಳಲಿಲ್ಲ.

"ಡಾಕ್ಟರ್ ಬೇಡ ಅಂದಿದಾರಾ?"

"ಇಲ್ಲ, ಅವರ ನಿಯಮ."

"ಯಾರು ಮಾಡಿದ ನಿಯಮ?"

"ಅವರಮ್ಮ."

"ಓ," ಎಂದರು. ಮೊಟ್ಟೆಯನ್ನು ಬೋಗುಣಿಯಲ್ಲಿಟ್ಟರು. "ಅಮ್ಮ ಮಾಡಿದ್ದಾ? ಮೊದಲೇ ಹೇಳ್ಬಾರ್ದಾ? ಅದಕ್ಕೆ ಇಷ್ಟೊಂದು ಭಾಷಣ ಬೇಕಿತ್ತಾ?"

ಆದರೆ ಷರತ್ತುಗಳಿದ್ದವು. ಅವರು ನಮ್ಮ ಮನೆಗೆ ಬಂದು ಕೂತು ನೋಡುತ್ತಾರೆ, ಹಿಟ್ಟು ಮುಟ್ಟುವುದಿಲ್ಲ, ಯಾಕೆಂದರೆ ಮೊಟ್ಟೆಯಿಲ್ಲದ ಹಿಟ್ಟು ಮುಟ್ಟಿದ್ದು ತಮ್ಮ ತಾಯಿಗೆ ತಿಳಿದರೆ ಸ್ವರ್ಗದಲ್ಲೂ ಸಮಾಧಾನವಿರುವುದಿಲ್ಲ. ರಿಕೋಟಾ ಸೂಪರ್ ಮಾರ್ಕೆಟ್ಟಿನದು ಆಗದು, ಲಾಂಗ್ ಬೀಚಿನಿಂದ ಸೇತುವೆ ದಾಟಿದರೆ ಸಿಗುವ ಸ್ಯಾನ್ ಪೆಡ್ರೋದಲ್ಲಿ ಅವರ ಕಡೆಯವರ ಅಂಗಡಿಯಿದೆ, ಅಲ್ಲಿಂದಲೇ ತರಬೇಕು. ಮಡಿ ನಮ್ಮ ಅಜ್ಜಿಯ ಸ್ವತ್ತೆಂದು ನಾನು ತಿಳಿದಿದ್ದೆ.

ಲಾಂಗ್ ಬೀಚಿನಲ್ಲಿ ಪರೀಕ್ಷೆಗಳ ನಡುವೆ ಒಂದು ಪ್ರಯೋಗ ನಡೆಸಿದೆ. ನನ್ನ ಚರ್ಚಾ ಜೋಡಿ ಹಾಲು ತುಪ್ಪವನ್ನೂ ಮುಟ್ಟದ ಹುಡುಗಿ. ಮೊಟ್ಟೆಯ ಬದಲಿಗೆ ಅಗಸೆ ಬೀಜ ನೆನೆಸಿ ಹಾಕು, ವ್ಯತ್ಯಾಸವೇ ತಿಳಿಯದು ಎಂದಳು. ನಮ್ಮ ಅಪಾರ್ಟ್‌ಮೆಂಟಿನ ಓವನ್ನಿನಿಂದ ಹೊರಬಂದದ್ದು ಕಂದು ಬಣ್ಣದ, ಅಂಚು ಬಿರಿದ, ಚಪ್ಪಟೆ ಬಿಲ್ಲೆಗಳು. ನೋಡಿದ ತಕ್ಷಣ ಬೆಂಗಳೂರಿನ ನಮ್ಮ ಹಾಲಿನವರ ಮನೆಯ ಗೋಡೆ ನೆನಪಾಯಿತು.

"ನೋಡೋಕೆ ಏನ್ ಅನ್ಸುತ್ತೆ?" ಎಂದು ಕೇಳಿದಳು.

"ಬೆರಣಿ," ಎಂದೆ. ಬೆರಣಿ ಎಂದರೇನೆಂದು ವಿವರಿಸಿದೆ. ಅದು ಸುಸ್ಥಿರ ಇಂಧನ ಎಂದು ಅವಳು ಬೆರಣಿಯ ಪರ ವಾದಿಸಲು ಶುರು ಮಾಡಿದಳು. ಕುಕೀಯನ್ನು ಮಾತ್ರ ತಿನ್ನಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. "ಮೊಸರು ಹಾಕು," ಎಂದರು. "ಗಟ್ಟಿ ಮೊಸರು, ಚಿಟಿಕೆ ಅಡಿಗೆ ಸೋಡಾ. ಮೊಟ್ಟೇಲಿ ಇರೋದೂ ಪ್ರೋಟೀನೇ, ಮೊಸರಲ್ಲಿ ಇರೋದೂ ಪ್ರೋಟೀನೇ. ದಿನಾ ಅದೇ ಕೆಲ್ಸ ಮಾಡ್ತೀನಿ, ನನ್ನ ಒಂದು ಮಾತು ಕೇಳ್ಬಾರ್ದಾ? ಅಗಸೆ ಬೀಜ ಅಂತೆ!"

ಕ್ರಿಸ್‌ಮಸ್ ಹಿಂದಿನ ದಿನ ಬೆಳಿಗ್ಗೆ ಸ್ಯಾನ್ ಪೆಡ್ರೋದ ಅಂಗಡಿಗೆ ಹೋದರೆ ಬಾಗಿಲಿನಾಚೆಯವರೆಗೆ ಸಾಲು. ಕೌಂಟರಿನಲ್ಲಿದ್ದಾತ ತೂತಿನ ಬುಟ್ಟಿಯಲ್ಲಿ ನಡುಗುತ್ತಿದ್ದ ಬಿಳಿ ಗುಡ್ಡೆಯನ್ನು ಡಬ್ಬಿಗಿಳಿಸಿ, "ಬಿಸಿಲಲ್ಲಿ ಇಡ್ಬೇಡಿ" ಎಂದ. ನಾನು ರಿಕೋಟಾವನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿ, ಎಸಿಯನ್ನು ಅದರತ್ತ ತಿರುಗಿಸಿ ಹೊರಟೆ. ಊರು ತಲುಪುವಷ್ಟರಲ್ಲಿ ಅದು ತಣ್ಣಗೆ ಕುಶಲವಾಗಿತ್ತು, ನನ್ನ ಕೈಬೆರಳು ಮರಗಟ್ಟಿದ್ದವು.

ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಕೋರ್ಟು ಸೇರಿತು. ಇಟಲಿಯಮ್ಮ ಎತ್ತರದ ಸ್ಟೂಲಿನ ಮೇಲೆ, ಕೈಗಳನ್ನು ಕಂಕುಳಲ್ಲಿ ಭದ್ರವಾಗಿ ಇಟ್ಟುಕೊಂಡು. ಅಜ್ಜಿ ಡೈನಿಂಗ್ ಟೇಬಲ್ಲಿನ ಕುರ್ಚಿಯಲ್ಲಿ. ನಾಲ್ಕು ವಾರದಿಂದ ತಪ್ಪಿಸಿಕೊಂಡು ತಿರುಗಿದ್ದ ಸಂಕೋಚಕ್ಕೆ ಅಜ್ಜಿ ಅವರ ಕಡೆ ನೇರ ನೋಡುತ್ತಿರಲಿಲ್ಲ. ನಾನು ಬೆಣ್ಣೆ ಸಕ್ಕರೆ ತಿಕ್ಕಿ, ರಿಕೋಟಾ, ಮೊಸರು, ನಿಂಬೆಸಿಪ್ಪೆ ಸೇರಿಸಿ, ಮೈದಾ ಹಾಕಿ ಕಲಸುತ್ತಿದ್ದೆ. ಮೊಸರು ಬೀಳುವಾಗ ಇಟಲಿಯಮ್ಮ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು.

"ನಾನೇನ್ ಮಾಡ್ಲಿ?" ಎಂದು ಅಪ್ಪ ಬಂದರು.

"ಏನೂ ಮಾಡ್ಬೇಡಿ," ಎಂದರು ಅಮ್ಮ.

ಆದರೆ ಅಪ್ಪ ಇಂಜಿನಿಯರು. ರೆಸಿಪಿಯ ಮೊದಲ ಸಾಲು ಓದಿದ್ದರು. ಓವನ್ನಿನ ಬಳಿ ಹೋಗಿ, ಮುನ್ನೂರೈವತ್ತು ಡಿಗ್ರಿ ಒತ್ತಿ, "ಪ್ರೀಹೀಟ್ ಆಗ್ತಿದೆ" ಎಂದು ರಾಕೆಟ್ ಹಾರಿಸಿದವರ ಗಾಂಭೀರ್ಯದಲ್ಲಿ ಘೋಷಿಸಿದರು.

ಇಲ್ಲೊಂದು ವಿಷಯ. ಈ ದೇಶದಲ್ಲಿ ಪ್ರತಿ ಮನೆಗೂ ಓವನ್ ಕೊಡುತ್ತಾರೆ. ನಮ್ಮವರ ಮನೆಗಳಲ್ಲಿ ಅದು ಒಲೆಯಲ್ಲ, ಬಾಗಿಲಿರುವ ಕಪಾಟು. ಬಾಣಲೆ, ತವ, ಇಡ್ಲಿ ಸ್ಟ್ಯಾಂಡು, ಚಪಾತಿ ಡಬ್ಬಿ, ಬೇರೆಲ್ಲೂ ಜಾಗವಿಲ್ಲದ ಸಕಲವೂ ಅದರೊಳಗೆ. ಮನೆ ಕೊಂಡಾಗಿನಿಂದ ಅಮ್ಮ ಅದನ್ನು ಹೊತ್ತಿಸಿದವರಲ್ಲ. ಹೊತ್ತಿಸಬಹುದಾದ ವಸ್ತುವೆಂಬುದೇ ಎಲ್ಲರಿಗೂ ಮರೆತುಹೋಗಿತ್ತು.

ಮೊದಲು ವಾಸನೆ ಬಂತು. ಅಜ್ಜಿ ಮೂಗೆಳೆದು, "ಏನೋ ಪ್ಲಾಸ್ಟಿಕ್ ಸೀದಂಗಿದೆ" ಎಂದರು. ಈ ಮೂಗು ಇದಕ್ಕೆ ಕೆಲಸ ಮಾಡುತ್ತದೆ ನೋಡಿ ಎಂದು ನಾನು ಬಾಯಿ ತೆರೆಯುವುದರೊಳಗೆ ಹೊಗೆ ಬಂತು, ಅದರ ಹಿಂದೆಯೇ ಸ್ಮೋಕ್ ಅಲಾರಂ. ಅಮ್ಮ "ಅಯ್ಯೋ, ನನ್ ಚಪಾತಿ ಡಬ್ಬಿ!" ಎಂದು ಚೀರಿದರು. ಅಪ್ಪ ಟವೆಲ್ ಹಿಡಿದು ಅಲಾರಮ್ಮಿಗೆ ಚಾಮರ ಬೀಸತೊಡಗಿದರು. ಸ್ಟೂಲಿನಿಂದಿಳಿದು ಓವನ್ನಿನ ಬಾಗಿಲು ತೆಗೆದವರು ಇಟಲಿಯಮ್ಮ.

ಅವರು ಬಗ್ಗಿ ಒಳಗೆ ನೋಡಿದರು. ನೇರವಾಗಿ ನಿಂತರು. ಮತ್ತೊಮ್ಮೆ ಬಗ್ಗಿ ನೋಡಿದರು.

"ಇದರೊಳಗೆ ಯಾರು ವಾಸ ಮಾಡ್ತಿದಾರೆ?" ಎಂದು ನನ್ನನ್ನು ಕೇಳಿದರು.

ಚಪಾತಿ ಡಬ್ಬಿ ಇಡ್ಲಿ ಸ್ಟ್ಯಾಂಡಿನ ಮೇಲೆ ಕರಗಿ, ಮಿಕ್ಸಿ ಜಾರಿನ ಮುಚ್ಚಳವನ್ನು ಅಪ್ಪಿಕೊಂಡು, ಒಂದು ಆಧುನಿಕ ಶಿಲ್ಪವಾಗಿತ್ತು. ಎಲ್ಲವನ್ನೂ ಚಿಮಟದಲ್ಲಿ ಹಿಡಿದು ಹಿತ್ತಲಿಗೆ ಸಾಗಿಸಿದೆವು. ಮೇಲಿನ ಮೂಲೆಯಲ್ಲಿ ಒಂಟಿಯಾಗಿದ್ದ, ಹಳೆಯ ಕಬ್ಬಿಣದ ಪಡ್ಡಿನ ಕಾವಲಿಗೆ ಮಾತ್ರ ಏನೂ ಆಗಿರಲಿಲ್ಲ. ಓವನ್ನು ಆ ದಿನಕ್ಕೆ ಸತ್ತಂತೆಯೇ, ಒಳಗೆಲ್ಲ ಹಳದಿ ಪ್ಲಾಸ್ಟಿಕ್ಕು.

"ನಮ್ಮನೇಲಿ ಬೇಯಿಸೋಣ ಬನ್ನಿ," ಎಂದರು ಇಟಲಿಯಮ್ಮ. ಅವರ ಮಟ್ಟಿಗೆ ಅದು ದೊಡ್ಡ ತ್ಯಾಗ. ನಾನು ಅಜ್ಜಿಗೆ ಅನುವಾದಿಸಿದೆ.

"ಅವಳ ಓವನ್ನಾ?" ಅಜ್ಜಿ ಕುರ್ಚಿಯಿಂದ ಅರ್ಧ ಎದ್ದರು. "ವರ್ಷಪೂರ್ತಿ ಮೀನು ಬೆಂದಿರೋ ಓವನ್ನೇ! ಕರ್ಮ ಕರ್ಮ! ಅದರಲ್ಲಿ ಬೇಯಿಸಿದ್ರೆ ಮೊಟ್ಟೆ ಬಿಟ್ಟು ಏನ್ ಬಂತು ಭಾಗ್ಯ?"

"ನಿಮಗೆ ತೊಂದ್ರೆ ಕೊಡೋದು ಬೇಡ ಅಂತಿದಾರೆ," ಎಂದು ಇಟಲಿಯಮ್ಮನಿಗೆ ಹೇಳಿದೆ.

"ಇಷ್ಟು ಚಿಕ್ಕ ಮಾತಿಗೆ ಅಷ್ಟೊಂದು ಕೂಗ್ಬೇಕಾ?"

"ಕನ್ನಡದಲ್ಲಿ ವಿನಯಕ್ಕೆ ಜಾಸ್ತಿ ಪದ ಬೇಕು."

ಗಡಿಯಾರ ಓಡುತ್ತಿತ್ತು, ಹಿಟ್ಟು ಮೆತ್ತಗಾಗುತ್ತಿತ್ತು. ಸಂಜೆ ಇಟಲಿಯಮ್ಮನ ಮನೆಗೆ ಮಕ್ಕಳು ಮೊಮ್ಮಕ್ಕಳು ಬರುವವರು, ಆಮೇಲೆ ಅವರಿಗೆ ಪುರುಸೊತ್ತಿಲ್ಲ. ಅಜ್ಜಿ ತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ನಾನು ಆ ಬೆರಳನ್ನೇ ನೋಡುತ್ತಾ, ಈ ಕಷ್ಟಕ್ಕೆ ತಾರ್ಕಿಕ ಪರಿಹಾರಗಳನ್ನು ಪಟ್ಟಿ ಮಾಡಲು ಶುರು ಮಾಡಿದೆ.

"ಸ್ವಲ್ಪ ಸರಿತೀಯಾ?" ಎಂದರು ಅಮ್ಮ. ಇನ್ನೂ ಬಿಸಿಯಿದ್ದ ಪಡ್ಡಿನ ಕಾವಲಿಯನ್ನು ಸ್ಟೋವಿನ ಮೇಲಿಟ್ಟು ಸಣ್ಣ ಉರಿ ಮಾಡಿದರು. "ಗುಂಡಗೆ ತಾನೆ ಇರ್ಬೇಕು? ಮೆತ್ತಗೆ ತಾನೆ? ಒಂದೊಂದು ಗುಳಿಗೆ ಒಂದೊಂದು ಉಂಡೆ. ಪಡ್ಡು ಬೇಯಲ್ವಾ? ಇದೂ ಬೇಯುತ್ತೆ."

"ರಿಕೋಟಾ ಪಡ್ಡಾ!" ಎಂದರು ಅಪ್ಪ. "ನೋಡು, ನಾನು ಪ್ರೀಹೀಟ್ ಮಾಡಿದ್ದು ಉಪಯೋಗಕ್ಕೆ ಬಂತು."



ಅಮ್ಮ ತುಪ್ಪ ಹನಿಸಿ, ಉಂಡೆಯಿಟ್ಟು, ಮುಚ್ಚಳ ಮುಚ್ಚಿದರು. ಮೊದಲ ಸುತ್ತು ತಳ ಹಿಡಿಯಿತು, ಅದನ್ನು ಅಪ್ಪನಿಗೆ ಕೊಟ್ಟೆವು. ಎರಡನೆಯದರಲ್ಲಿ ಅಮ್ಮ ಉರಿ ಇನ್ನಷ್ಟು ತಗ್ಗಿಸಿ, ಚಮಚದ ತುದಿಯಿಂದ ಒಂದೊಂದನ್ನೇ ಮಗುಚಿದರು. ಹೊಂಬಣ್ಣದ ಚೆಂಡುಗಳು ಎದ್ದು ಬಂದವು. ಕೈಕಟ್ಟಿ ಕೂತಿದ್ದ ಇಟಲಿಯಮ್ಮ ಆಗಲೇ ಒಲೆಯ ಪಕ್ಕದಲ್ಲಿದ್ದರು. "ಬೇಗ ಮಗುಚಿ, ಬೇಗ, ಆ ಮೂಲೇದು, ಅಲ್ಲ, ಆ ಕಡೇದು!" ಎಂದು ಇಂಗ್ಲಿಷಿನಲ್ಲಿ ಅವರು, "ಅದನ್ನಲ್ಲ ಕಣೇ, ಪಕ್ಕದ್ದು ಸೀದು ಹೋಗುತ್ತೆ!" ಎಂದು ಕನ್ನಡದಲ್ಲಿ ಅಜ್ಜಿ. ಇಬ್ಬರೂ ಒಂದೇ ಪಡ್ಡಿನ ಬಗ್ಗೆ ಹೇಳುತ್ತಿದ್ದರು. ಅಮ್ಮ ಇನ್ಯಾವುದನ್ನೋ ಮಗುಚಿದರು.

ಲೇಪ ನಾನು ಕಲಸಿದ್ದು ನೀರಾಗಿತ್ತೆಂದು ಇಟಲಿಯಮ್ಮನೇ ತಮ್ಮ ವ್ರತ ಮುರಿದು ಬೋಗುಣಿ ಕಿತ್ತುಕೊಂಡರು. ಸಕ್ಕರೆ, ಹಾಲು, ನಿಂಬೆರಸ, ಅದರಲ್ಲಿ ಮೊಟ್ಟೆಯ ಪ್ರಸ್ತಾಪವಿಲ್ಲದ್ದರಿಂದ ಅವರ ತಾಯಿಯ ಆಕ್ಷೇಪಣೆ ಇರಲಾರದು. ಬಣ್ಣದ ಕಾಳಿನ ಶೀಶೆ ಕೈಗೆ ಬಂದಾಗ ನಾನು ಅಭ್ಯಾಸಬಲದಿಂದ ಹಿಂದಿನ ಚೀಟಿ ಓದಿದೆ. ಕಾಳಿನ ಹೊಳಪಿಗೆ ಬಳಸಿದ್ದು ಅರಗು. ಅರಗೆಂದರೆ ಒಂದು ಹುಳು ಮರದ ಮೇಲೆ ಸುರಿಸುವ ಅಂಟು. ಒಂದು ಕ್ಷಣ ಬಾಯಿ ತೆರೆದೆ. ಅಮ್ಮ ನನ್ನ ಮುಖ ನೋಡಿದರು, ಶೀಶೆ ನೋಡಿದರು.

"ಇನ್ನೊಂದೇ ಒಂದು ಸತ್ಯ ಹೇಳಿದ್ರೆ," ಎಂದರು ಮೆಲ್ಲಗೆ, "ಲಾಂಗ್ ಬೀಚಿಗೆ ನಡ್ಕೊಂಡ್ ಹೋಗ್ತೀಯ."

ಶೀಶೆಯನ್ನು ಕೆಳಗಿಟ್ಟು, ಬಿಳಿ ಬರೀ ಬಿಳಿಯೇ ಚೆಂದ ಎಂದು ಪ್ರತಿಪಾದಿಸಿದೆ. ಕಾಳಿಲ್ಲದೆ ಅಲಂಕಾರ ಮುಗಿಯಿತು.

ಆಮೇಲೆ ಇಟಲಿಯಮ್ಮ ಮಾಡಿದ್ದನ್ನು ನಾನು ಈಗಲೂ ನೆನೆಸಿಕೊಂಡು ನಗುತ್ತೇನೆ. ಒಂದು ಹೊಸ ಪೇಪರ್ ತಟ್ಟೆ ಕೇಳಿ ಪಡೆದು, ಅದರಲ್ಲಿ ನಮ್ಮ ಅಡುಗೆಮನೆಯ ಕುಕೀಗಳನ್ನೇ ಜೋಡಿಸಿಕೊಂಡು, ಗರಾಜಿನ ಬಾಗಿಲಿನಿಂದ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಮುಂಬಾಗಿಲ ಬೆಲ್ಲಾಯಿತು. ತೆಗೆದು ನೋಡಿದರೆ ಅವರೇ, ಕೂದಲು ಸರಿ ಮಾಡಿಕೊಂಡು, ತಟ್ಟೆ ಹಿಡಿದು, ಆಗಷ್ಟೇ ಪಕ್ಕದ ಮನೆಯಿಂದ ಬಂದವರಂತೆ ನಿಂತಿದ್ದಾರೆ.

"ಮೆರಿ ಕ್ರಿಸ್‌ಮಸ್," ಎಂದರು.

ಅಜ್ಜಿ ಸೀರೆ ನೆರಿಗೆ ಸರಿಪಡಿಸಿಕೊಂಡು ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಜ್ಜಿ ಒಂದನ್ನೆತ್ತಿ ಬಾಯಿಗಿಟ್ಟರು. ಅಗಿದರು. ಮತ್ತೂ ಅಗಿದರು. "ಸೂಪರ್" ಬರಲಿಲ್ಲ.

ಇಟಲಿಯಮ್ಮನ ಕೈಯಲ್ಲಿ ತಟ್ಟೆ ಸ್ವಲ್ಪ ಬಾಗಿತು.

"ಏನಂತಾರೆ?" ಎಂದು ನನ್ನನ್ನು ಕೇಳಿದರು.

"ಅಜ್ಜಿ, ಹೇಗಿದೆ ಅಂತ ಕೇಳ್ತಿದಾರೆ."

"ಮೊದ್ಲು ಅವಳು ತಿನ್ಲಿ. ಅವಳು ಏನಂತಾಳೆ ಕೇಳು."

ಇಟಲಿಯಮ್ಮ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಒಂದನ್ನು ಮುರಿದು, ಒಳಗಿನ ಎಳೆ ನೋಡಿ, ಮೂಸಿ, ತಿಂದರು. ಅವರೂ ಬಹಳ ಹೊತ್ತು ಅಗಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಇದಕ್ಕೆ ಮೊಟ್ಟೆ ಬೇಕಿತ್ತು," ಎಂದರು.

"ಏನಂದ್ಲು?"

ಚೆನ್ನಾಗಿದೆ ಅಂದರು ಎಂದುಬಿಡಲು ನಾಲಿಗೆ ಸಿದ್ಧವಾಗಿತ್ತು. ಅಜ್ಜಿ ನನ್ನ ಗಲ್ಲ ಹಿಡಿದು ತಮ್ಮತ್ತ ತಿರುಗಿಸಿದರು. "ಓವನ್ ವಿಷ್ಯದಲ್ಲಿ ನೀನು ಹೇಳಿದ್ದು ನಾನು ಅಂದಿದ್ದಲ್ಲ ಅಂತ ನಂಗೊತ್ತು. ಇದನ್ನಾದ್ರೂ ನೆಟ್ಟಗೆ ಹೇಳು."

"ಮೊಟ್ಟೆ ಬೇಕಿತ್ತಂತೆ," ಎಂದೆ.

ಅಜ್ಜಿಯ ಮುಖ ಅರಳಿತು. "ನಂಗೂ ಹಾಗೇ ಅನ್ನಿಸ್ತು ಕಣೆ!" ಎಂದವರೇ, ನಾನು ಅನುವಾದಿಸುವುದಕ್ಕೂ ಕಾಯದೆ, ಇಟಲಿಯಮ್ಮನ ತೋಳು ಹಿಡಿದು ನಗತೊಡಗಿದರು. ಇಟಲಿಯಮ್ಮನೂ, ಏನೆಂದು ಕೇಳದೆಯೇ, ನಗತೊಡಗಿದರು. ಅಜ್ಜಿ ತಟ್ಟೆಯಿಂದ ಇನ್ನೊಂದನ್ನೆತ್ತಿಕೊಂಡರು. ಆಮೇಲೆ ಇನ್ನೊಂದು. "ಹಳೇದರ ಹಾಗಲ್ಲ. ಆದ್ರೆ ಇದೂ ತಿನ್ನೋ ಹಾಗಿದೆ," ಎಂದರು.

ಅವರನ್ನು ಒಳಗೆ ಕರೆದು ಕೂರಿಸಿ, ಅಮ್ಮ ಕಾಫಿ ಕೊಟ್ಟರು. ಇಬ್ಬರೂ ಕುಕೀಯ ಮರಣೋತ್ತರ ಪರೀಕ್ಷೆಗೆ ಕೂತರು. ಅಂಚು ಗಟ್ಟಿಯಾಗಿದೆ, ನಡುವೆ ಒತ್ತಾಗಿದೆ, ನಿಂಬೆ ಸಾಲದು. ಅಮ್ಮನ ಕಾವಲಿಯ ಮೇಲೆ ಇಬ್ಬರಿಗೂ ದೂರಿರಲಿಲ್ಲ. ಮೊಸರನ್ನು ಅಜ್ಜಿ ದೋಷಮುಕ್ತಗೊಳಿಸಿದರು. ರಿಕೋಟಾವನ್ನು ಇಟಲಿಯಮ್ಮ ದೋಷಮುಕ್ತಗೊಳಿಸಿದರು. ಉಳಿದದ್ದು ನಾನು.

"ಚಪಾತಿ ಹಿಟ್ಟಿನ ಥರ ನಾದಿದಾಳೆ ಅಂತ ಹೇಳು ಅವಳಿಗೆ," ಎಂದರು ಅಜ್ಜಿ.

ಹೇಳಿದೆ.

"ನೋಡಿದೆ, ನೋಡಿದೆ," ಎಂದರು ಇಟಲಿಯಮ್ಮ. "ಕಲಸ್ಲಿಲ್ಲ ಅವಳು, ಹಿಟ್ಟಿನ ಜೊತೆ ವಾದ ಮಾಡಿದ್ಲು."

ನನ್ನ ಬಳಿ ಉತ್ತರವಿತ್ತು. ಬೆಣ್ಣೆ ಎಷ್ಟು ಮೆತ್ತಗಿರಬೇಕೆಂದು ಯಾರೂ ಹೇಳಿರಲಿಲ್ಲ, ನಡುವೆ ಮನೆ ಹೊತ್ತಿ ಉರಿಯುವುದರಲ್ಲಿತ್ತು. ಅಜ್ಜಿ ಕೈಯೆತ್ತಿ ತಡೆದು, "ಅವಳೇನೋ ಅಂದ್ಲಲ್ಲ, ಅದನ್ನ ಮೊದ್ಲು ಹೇಳು," ಎಂದರು.

ಹೇಳಿದೆ. ಅಜ್ಜಿ ತೊಡೆ ತಟ್ಟಿಕೊಂಡು ನಕ್ಕು, ಅದಕ್ಕೆ ಇನ್ನೊಂದು ಸೇರಿಸಿದರು. ಅದನ್ನೂ ಇಂಗ್ಲಿಷಿಗೆ ಇಳಿಸಿ ಕೊಟ್ಟೆ. ಎರಡನೇ ಲೋಟ ಕಾಫಿ ಮುಗಿಯುವವರೆಗೆ ನನ್ನ ಮೇಲಿನ ಆರೋಪಗಳನ್ನು ಈ ಭಾಷೆಯಿಂದ ಆ ಭಾಷೆಗೆ, ಆ ಭಾಷೆಯಿಂದ ಈ ಭಾಷೆಗೆ ನಾನೇ ಹೊತ್ತು ಹಾಕಿದೆ, ಒಂದಕ್ಷರವೂ ಬಿಡದೆ.